ರಜೆ ದಿನದ ಮೊಟ್ಟೆ

ಕೊಡಗಿನಲ್ಲಿ ಮಳೆ ರಜೆಯ ಸುದ್ದಿ ಹಿಂದಿನ ರಾತ್ರಿಯೇ ಬಂದರೆ ಪುಣ್ಯ. ಆ ಜುಲೈ ಬೆಳಗ್ಗೆ ಅದು ಮೊಬೈಲಿಗೆ ಬಂದಾಗ ನಾನು ಮಾದಾಪುರ ದಾಟಿದ ಬಸ್ಸಿನಲ್ಲಿದ್ದೆ. ವಾಪಸ್ ಬಸ್ಸು ಹನ್ನೊಂದಕ್ಕೆ. ಇನ್ನೇನು ಮಾಡೋದು, ಶಾಲೆಗೇ ಹೋದೆ.

ಜಗಲಿ ಮೇಲೆ ಒಂಬತ್ತು ಮಕ್ಕಳು ಕೂತಿದ್ದರು. ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲ ಕಾಫಿ ತೋಟದ ಲೈನ್ ಮನೆಯವರು. ಅಪ್ಪ ಅಮ್ಮ ಬೇಗ ಕೆಲಸಕ್ಕೆ ಹೊರಟಿರುತ್ತಾರೆ, ಫೋನೂ ಅವರ ಜೊತೆಗೇ ಹೋಗಿರುತ್ತದೆ. "ರಜೆ ಕಣ್ರೋ, ಮನೆಗೆ ಹೋಗಿ" ಅಂದೆ. ಯಾರೂ ಏಳಲಿಲ್ಲ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಕೇಳಿದಳು: "ಹಾಗಾದ್ರೆ ಮೊಟ್ಟೆ ಇಲ್ವಾ ಮಿಸ್?"

ಮೊದಲು ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಖರ್ಚು ಹೊತ್ತುಕೊಂಡಿತು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ. ಈಗ ಶನಿವಾರವೂ ಮೊಟ್ಟೆ. ಬೇಡ ಅನ್ನುವವರಿಗೆ ಬಾಳೆಹಣ್ಣು. ನಮ್ಮಲ್ಲಿ ಬೇಡ ಅನ್ನುವವರು ಇಬ್ಬರೇ, ಅದರಲ್ಲೂ ಒಬ್ಬ ಪಕ್ಕದವನ ತಟ್ಟೆಯನ್ನೇ ನೋಡುತ್ತಿರುತ್ತಾನೆ.

ಅಡುಗೆಮನೆಯಲ್ಲಿ ಟ್ರೇ ಇತ್ತು. ಆದರೆ ರಜೆಯ ದಿನ ಹಾಜರಿ ಇಲ್ಲ, ಹಾಜರಿ ಇಲ್ಲದೆ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಛತ್ರಿ ಹಿಡಿದು ಕೆಳಗಿನ ಅಂಗಡಿಗೆ ಹೋಗಿ ಒಂಬತ್ತು ಮೊಟ್ಟೆ ತಂದೆ. ಅರವತ್ತಮೂರು ರೂಪಾಯಿ.

ಬೇಯುವಷ್ಟು ಹೊತ್ತು ಮಕ್ಕಳನ್ನು ಒಲೆ ಹತ್ತಿರವೇ ಕೂರಿಸಿ ಕಥೆ ಹೇಳಿದೆ. ಅಪ್ಪ ತೀರಿಕೊಂಡಾಗ ಪ್ರೇಮ್‌ಜಿಗೆ 21 ವರ್ಷ. ಅದು 1966. ಅಮೆರಿಕದಲ್ಲಿ ಓದುತ್ತಿದ್ದವರು ಅದನ್ನು ಬಿಟ್ಟು ಬಂದು ಕಂಪನಿ ನೋಡಿಕೊಂಡರು. ಕಂಪ್ಯೂಟರ್ ಕಂಪನಿ ಅಲ್ಲ, ವನಸ್ಪತಿ ಎಣ್ಣೆಯದು. ಅವರ ತಾಯಿ ಡಾಕ್ಟರ್, ಮುಂಬೈಯಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆ ನಡೆಸಿದವರು. ಕೊಡುವ ಬುದ್ಧಿ ಆ ಅಮ್ಮನಿಂದಲೇ ಬಂತು ಎಂದು ಮಗ ಹೇಳಿಕೊಂಡಿದ್ದಾರೆ. ಆಮೇಲೆ ವಿಪ್ರೋ ಬೆಳೆಯಿತು, ತಮ್ಮ ಪಾಲಿನ ಆಸ್ತಿಯಲ್ಲಿ ಬಹುಪಾಲನ್ನು ಫೌಂಡೇಶನ್ನಿಗೆ ಬಿಟ್ಟುಕೊಟ್ಟರು. ಎಲ್ಲ ಕೇಳಿಸಿಕೊಂಡ ಐದನೇ ಕ್ಲಾಸಿನವನ ಪ್ರಶ್ನೆ: "ಅವ್ರ ಹತ್ರ ಎಷ್ಟು ಕೋಳಿ ಇದೆ ಮಿಸ್?"

ಸುಲಿಯುವುದು ನನಗೆ ಬರಲಿಲ್ಲ. ಸಿಪ್ಪೆ ಜೊತೆ ಬಿಳಿಯೂ ಕಿತ್ತು ಬಂತು. ಅಡುಗೆಯ ಅಕ್ಕ ಬಿಸಿ ನೀರು ಬಸಿದು, ತಣ್ಣೀರು ಹೊಯ್ದು, ಪಾತ್ರೆಯನ್ನು ಎರಡು ಸಲ ಕುಲುಕುತ್ತಾರೆ ಅಷ್ಟೇ, ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ. ಒಂದು ಮೊಟ್ಟೆ ಸುಲಿದರೆ ಅವರಿಗೆ 30 ಪೈಸೆ ಲೆಕ್ಕ. ಒಂಬತ್ತಕ್ಕೇ ನನ್ನ ಬೆರಳು ಸುಟ್ಟಿತ್ತು.

ನಮ್ಮ ಕಡೆ ದಾನ ಕೊಡುವವರಿಗೆ ಬರ ಇಲ್ಲ. ಕಾಫಿ ವ್ಯಾಪಾರದ ಸಾಹುಕಾರರೊಬ್ಬರ ಮನೆಯ ಟ್ರಸ್ಟು ಶಾಲೆಗೆ ಫಿಲ್ಟರ್, ಬೆಂಚು, ಬೀರು ಕೊಟ್ಟಿದೆ. ಎರಡು ಫ್ಯಾನು ಕೂಡ. ಈ ಚಳಿಯ ಊರಿಗೆ ಫ್ಯಾನು! ಮೂರು ರೆಕ್ಕೆಗೂ ಅವರಪ್ಪನ ಹೆಸರು ಬರೆಸಿದ್ದಾರೆ. ಹಾಕಿದರೆ ಹೆಸರು ಕಾಣಲ್ಲ, ಹಾಕದೆ ಇದ್ದರೆ ಚೆನ್ನಾಗಿ ಓದಬಹುದು. ನಾನಂತೂ ಆ ಫ್ಯಾನು ನೋಡಿದಾಗಲೆಲ್ಲ ಒಳಗೊಳಗೇ ನಗುತ್ತಿದ್ದೆ. ಮೊಟ್ಟೆ ಮೇಲೆ ಯಾರು ಹೆಸರು ಬರೆಸುತ್ತಾರೆ, ಬರೆಸಿದರೂ ಸಿಪ್ಪೆ ತಿಪ್ಪೆಗೆ ಹೋಗುತ್ತದಲ್ವಾ ಅಂತ.

ತಟ್ಟೆಗೆ ಮೊಟ್ಟೆ ಹಾಕುವಾಗ ಆ ಹುಡುಗಿ ಕೇಳಿದಳು: "ಇದೂ ಆ ತಾತಂದೇನಾ ಮಿಸ್?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. "ಇಲ್ಲ ಪುಟ್ಟಾ, ಇವತ್ತಿನದು ನಾನು ತಂದಿದ್ದು" ಅಂದುಬಿಟ್ಟೆ. ಅದೂ ಸಾಲದೆ ಎಲ್ಲರಿಗೂ ಕೇಳಲಿ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಅರವತ್ತಮೂರು ರೂಪಾಯಿಗೆ! ತಲೆ ಮೇಲೆ ಫ್ಯಾನು ನಿಂತಿತ್ತು. ನಾನು ಆ ಕಡೆ ನೋಡಲಿಲ್ಲ.

ಅವಳು ಮೊಟ್ಟೆಯನ್ನು ಎರಡು ಹೋಳು ಮಾಡಿ, ಒಳಗೆ ನೋಡಿ, ಮತ್ತೆ ನನ್ನ ಮುಖ ನೋಡಿದಳು.

"ಮೆಣಸಿನ ಪುಡಿ ಹಾಕಿಲ್ವಾ ಮಿಸ್?"

"ಯಾವ ಮೆಣಸಿನ ಪುಡಿ?"

"ಅಕ್ಕ ದಿನಾ ಮನೆಯಿಂದ ತರ್ತಾರೆ. ಕರಿಮೆಣಸಿಂದು."

ಎರಡು ವರ್ಷದಿಂದ ಆ ಬಿಸಿಯೂಟದ ರಿಜಿಸ್ಟರ್ ಬರೆಯುತ್ತಿರುವವಳು ನಾನೇ. ಅಡುಗೆಮನೆಯ ಡಬ್ಬಗಳನ್ನೆಲ್ಲ ತೆಗೆದು ನೋಡಿದೆ. ಕೊನೆಗೆ ಉಪ್ಪು ಹಾಕಿ ಕೊಟ್ಟೆ.