ಗುಹೆಗೆ ಎರಡನೇ ಸಲ ಇಳಿದಾಗ

'ದಿ ಡಿಸೆಂಟ್' ಸಿನಿಮಾಗೆ ಎರಡನೇ ಭಾಗ ಇದೆ ಅಂತ ನನಗೆ ಗೊತ್ತಿತ್ತು. ಬೇಕಂತಲೇ ನೋಡಿರಲಿಲ್ಲ. ಮೊದಲನೆಯದು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು. ಮುಂದೇನಾಯ್ತು ಅಂತ ತಿಳಿದುಕೊಳ್ಳುವ ಆಸೆಯೇ ಇರಲಿಲ್ಲ.

ಈ ಸಲ ಸಂಕ್ರಾಂತಿ ರಜೆಗೆ ಅಕ್ಕನ ಮಗ ಮೈಸೂರಿನ ನಮ್ಮ ಮನೆಗೆ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಹಾರರ್ ಸಿನಿಮಾ ಅಂದರೆ ಊಟ ತಿಂಡಿ ಎಲ್ಲ ಮರೆಯುತ್ತಾನೆ. "ಚಿಕ್ಕಮ್ಮ, ಕಮ್ಮಿ ದುಡ್ಡಲ್ಲಿ ಮಾಡಿರೋ ಒಳ್ಳೇ ಮಾನ್‌ಸ್ಟರ್ ಸಿನಿಮಾ ಇದ್ರೆ ಹೇಳು. ದೆವ್ವ ಬೇಡ, ದೆವ್ವ ಜಾಸ್ತಿ ಆಯ್ತು" ಅಂದ. ನನ್ನ ಬಾಯಿಗೆ ಮೊದಲು ಬಂದದ್ದು ಇದೇ ಹೆಸರು.

ಆ ರಾತ್ರಿ ಊಟ ಆದಮೇಲೆ ಹಾಲಿನ ದೀಪ ಆರಿಸಿ ಕೂತೆವು. ಅಮ್ಮ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಮಾರನೇ ದಿನ ಹಿತಕಿದ ಬೇಳೆ ಸಾರು ಮಾಡುವ ಯೋಚನೆ. ಟೀವಿ ಬೆಳಕು ಸಾಕು, ಈ ಕೆಲಸಕ್ಕೆ ಕಣ್ಣು ಬೇಡ ಅಂದಳು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳ ಕೈ ನಿಂತಿತ್ತು. ಅದನ್ನು ನಾನು ಗಮನಿಸಿದ್ದು ಆಮೇಲೆ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಮುಂದಿನ ಮಾತಿಗೆ ಕೊನೆಯವರೆಗಿನ ಕಥೆ ಬೇಕು. ನೋಡಬೇಕು ಅಂತ ಇರುವವರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ.

ಇದು 2005ರ ಬ್ರಿಟಿಷ್ ಸಿನಿಮಾ. ನಿರ್ದೇಶಕ ನೀಲ್ ಮಾರ್ಷಲ್. ಖರ್ಚು ಸುಮಾರು 35 ಲಕ್ಷ ಪೌಂಡ್. ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ ದುಡ್ಡು. ಸಾರಾ ಎನ್ನುವವಳು ಕಾರಿನ ಅಪಘಾತದಲ್ಲಿ ಗಂಡನನ್ನೂ ಪುಟ್ಟ ಮಗಳನ್ನೂ ಕಳೆದುಕೊಂಡಿರುತ್ತಾಳೆ. ಒಂದು ವರ್ಷ ಆದಮೇಲೆ ಗೆಳತಿಯರು ಅವಳ ಮನಸ್ಸು ಹಗುರ ಮಾಡಲು ಅಮೆರಿಕದ ಅಪಲೇಚಿಯನ್ ಬೆಟ್ಟಗಳಿಗೆ ಕರೆದೊಯ್ಯುತ್ತಾರೆ. ಒಟ್ಟು ಆರು ಹೆಂಗಸರು. ಗುಹೆ ಇಳಿಯುವುದು ಅವರ ಹವ್ಯಾಸ. ಅವರಲ್ಲಿ ಜೂನೋ ಎನ್ನುವವಳು ಎಲ್ಲರಿಗೂ ಗೊತ್ತಿರುವ ಗುಹೆ ಅಂತ ಹೇಳಿ, ಯಾರೂ ನಕ್ಷೆ ಮಾಡಿರದ ಬೇರೊಂದು ಗುಹೆಗೆ ಇಳಿಸುತ್ತಾಳೆ. ದಾರಿ ಕುಸಿಯುತ್ತದೆ. ಹಿಂದೆ ಹೋಗುವಂತಿಲ್ಲ. ಅವರು ಅಲ್ಲಿರುವುದು ಹೊರಗೆ ಯಾರಿಗೂ ಗೊತ್ತಿಲ್ಲ.

ಒಂದು ಜಾಗದಲ್ಲಿ ಸಾರಾ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಮುಂದೆ ಇಲ್ಲ, ಹಿಂದೆ ಇಲ್ಲ, ಉಸಿರು ಮೇಲೆ ಕೆಳಗೆ. ಅಲ್ಲಿ ಯಾವ ಪ್ರಾಣಿಯೂ ಇಲ್ಲ, ಬರೀ ಕಲ್ಲು. ನಮ್ಮ ಹುಡುಗ ಆ ಹೊತ್ತಿಗೆ ಸೋಫಾ ಮೇಲೆ ಕಾಲು ಮಡಚಿ ಕೂತಿದ್ದ. ಅಮ್ಮ "ಅಯ್ಯೋ, ಎಳೀರೇ ಅವಳನ್ನ" ಅಂತ ಟೀವಿಗೆ ಹೇಳಿದಳು. ಅರ್ಧ ಸಿನಿಮಾ ಹೀಗೇ ಹೋಗುತ್ತದೆ. ಕಾಲು ಮುರಿಯುತ್ತದೆ, ಹಗ್ಗ ಕೈ ಕುಯ್ಯುತ್ತದೆ, ಜಗಳ ಏಳುತ್ತದೆ. ಆ ಕುರುಡು, ಬಿಳಿಚಿದ, ಮನುಷ್ಯರ ಹಾಗೇ ಇರುವ ಜೀವಿಗಳು ಬರುವುದು ಇಷ್ಟೆಲ್ಲ ಆದಮೇಲೆ. ಬರುವ ರೀತಿಯೂ ಹೇಗೆ! ಕತ್ತಲಲ್ಲಿ ವಿಡಿಯೊ ಕ್ಯಾಮೆರಾ ತಿರುಗಿಸುತ್ತಾರೆ. ಗೆಳತಿಯೊಬ್ಬಳ ಬೆನ್ನ ಹಿಂದೆ ಅದು ಸುಮ್ನೆ ನಿಂತಿದೆ. ಎಷ್ಟು ಹೊತ್ತಿಂದ ನಿಂತಿತ್ತೋ ಏನೋ.

ನಿಜವಾದ ಗುಹೆಯಲ್ಲಿ ಚಿತ್ರೀಕರಿಸುವುದು ಅಪಾಯ ಅಂತ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೊದಲ್ಲಿ ಗುಹೆ ಕಟ್ಟಿದ್ದರು. ಆದರೆ ಬೆಳಕು ಮಾತ್ರ ಪಾತ್ರಗಳ ಕೈಯಲ್ಲಿ ಏನಿದೆಯೋ ಅಷ್ಟೇ. ಹೆಲ್ಮೆಟ್ಟಿನ ದೀಪ, ಟಾರ್ಚು, ಕೆಂಪಗೆ ಉರಿಯುವ ಫ್ಲೇರ್. ಉಳಿದ ಪರದೆ ಕಪ್ಪು. ನಟಿಯರು ಆ ಜೀವಿಗಳನ್ನು ಮೊದಲ ಸಲ ಎದುರಿಸುವ ದೃಶ್ಯದವರೆಗೂ ಮಾರ್ಷಲ್ ವೇಷ ಹಾಕಿದವರನ್ನು ಅವರಿಗೆ ತೋರಿಸಿರಲಿಲ್ಲ. ಅಲ್ಲಿ ಕೇಳುವ ಕಿರುಚಾಟದಲ್ಲಿ ನಟನೆ ಎಷ್ಟು, ನಿಜ ಎಷ್ಟು ಹೇಳುವುದು ಕಷ್ಟ. ದುಡ್ಡಿಲ್ಲದವನ ಜಾಣತನ ಅಂದ್ರೆ ಇದೇ ಅಲ್ವಾ?

ಇನ್ನು ಕೊನೆ. ಸಾರಾ ಮೂಳೆಗಳ ರಾಶಿ ಹತ್ತಿ ಹೊರಗೆ ಬರುತ್ತಾಳೆ, ಕಾರು ಹತ್ತಿ ಓಡುತ್ತಾಳೆ. ಆಮೇಲೆ ತಟ್ಟನೆ ಎಚ್ಚರ. ಅವಳಿನ್ನೂ ಗುಹೆಯೊಳಗೇ ಇದ್ದಾಳೆ. ಎದುರಿಗೆ ತೀರಿಹೋದ ಮಗಳು ಹುಟ್ಟುಹಬ್ಬದ ಕೇಕಿನ ಹಿಂದೆ ಕೂತಿದ್ದಾಳೆ. ಸುತ್ತಲೂ ಆ ಜೀವಿಗಳ ಸದ್ದು. ಸಾರಾ ಮಗಳನ್ನೇ ನೋಡುತ್ತಾ ನಗುತ್ತಾಳೆ. ಮುಗಿಯಿತು.

ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತೆಗೆದು ಹುಡುಕಿದ. ಅಮೆರಿಕದಲ್ಲಿ 2006ರಲ್ಲಿ ಬಿಡುಗಡೆ ಮಾಡಿದಾಗ ಈ ಕೊನೆಯ ತುಣುಕನ್ನು ಕತ್ತರಿಸಿಬಿಟ್ಟಿದ್ದರು. ಅಲ್ಲಿನವರಿಗೆ ಸಾರಾ ಕಾರಿನ ತನಕ ತಲುಪಿದ್ದೇ ಕೊನೆ. ಅದರ ಕೆಳಗೇ ಅವನಿಗೆ 'ಪಾರ್ಟ್ 2' ಕಾಣಿಸಿತು. "ಚಿಕ್ಕಮ್ಮ, ಇವಳು ಒಳಗೇ ಉಳಿದಳಲ್ಲ, ಮತ್ತೆ ಪಾರ್ಟ್ 2 ಹೇಗೆ?" ಒಳ್ಳೇ ಪ್ರಶ್ನೆ. ನೋಡೋಣ ನೋಡೋಣ ಅಂತ ಪ್ರಾಣ ತಿಂದ. ನಾಳೆ ನೋಡೋಣ ಮಲಗು ಅಂದೆ.

ಮಾರನೇ ದಿನ ಮಧ್ಯಾಹ್ನ ಕಿಟಕಿ ಪರದೆ ಎಳೆದು ಕೂತೆವು. ಅಮ್ಮ ರಾತ್ರಿ ನಿಲ್ಲಿಸಿದ್ದ ಕೆಲಸ ಮತ್ತೆ ಶುರು ಮಾಡಿದಳು. ಸಾರು ಹೇಗೂ ರಾತ್ರಿಯ ಊಟಕ್ಕೆ ಮುಂದೆ ಹೋಗಿತ್ತು.

'ದಿ ಡಿಸೆಂಟ್: ಪಾರ್ಟ್ 2' ಬಂದದ್ದು 2009ರಲ್ಲಿ. ಅದು ಅಮೆರಿಕದ ಕೊನೆಯನ್ನು ಹಿಡಿದು ಹೊರಡುತ್ತದೆ. ಸಾರಾ ಹೊರಗೆ ಬಂದಿದ್ದಾಳೆ, ಮೈಯೆಲ್ಲ ರಕ್ತ, ನೆನಪು ಹೋಗಿದೆ. ಊರಿನ ಶೆರಿಫ್‌ಗೆ, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿಗೆ, ಅವಳ ಮೇಲೇ ಅನುಮಾನ. ಅವನು ಏನು ಮಾಡುತ್ತಾನೆ? ಆಸ್ಪತ್ರೆಯಲ್ಲಿರುವ ಅವಳನ್ನು ಎಬ್ಬಿಸಿಕೊಂಡು, ರಕ್ಷಣಾ ತಂಡದ ಜೊತೆ ವಾಪಸ್ ಗುಹೆಗೆ ಇಳಿಸುತ್ತಾನೆ.

ಅಮ್ಮ ತಲೆ ಎತ್ತಿದಳು. "ಹಗಲು ಕಂಡ ಬಾವಿಗೆ ರಾತ್ರಿ ಬಿದ್ರಂತೆ. ಯಾರಾದ್ರೂ ಮತ್ತೆ ಹೋಗ್ತಾರೇನೋ?"

"ನೆನಪಿಲ್ಲ ಅಜ್ಜಿ ಅವಳಿಗೆ" ಅಂದ ಹುಡುಗ.

"ಕರ್ಕೊಂಡು ಹೋಗೋರಿಗೆ ಬುದ್ಧಿ ಇಲ್ವಾ?"

ಇದಕ್ಕೆ ಸಿನಿಮಾದಲ್ಲಿ ಉತ್ತರ ಇಲ್ಲ. ನನಗೆ ಸಿಟ್ಟು ಬಂದದ್ದು ಆ ನೆನಪಿನ ವಿಷಯಕ್ಕೇ. ಮೊದಲ ಸಿನಿಮಾ ಸಾರಾಳೊಳಗೆ ಏನೇನು ತುಂಬಿತ್ತು! ಮಗಳ ದುಃಖ ಇತ್ತು. ತನ್ನ ಗಂಡನಿಗೂ ಜೂನೋಗೂ ಸಂಬಂಧ ಇತ್ತು ಅಂತ ಗೊತ್ತಾದ ಸಂಕಟ ಇತ್ತು. ಕೊನೆಗೆ ಅವಳು ಜೂನೋಳ ಕಾಲಿಗೆ ಚುಚ್ಚಿ, ಆ ಜೀವಿಗಳ ಬಾಯಿಗೆ ಅವಳನ್ನು ಬಿಟ್ಟು ಹೋಗುತ್ತಾಳೆ. ಅದು ಆ ಸಿನಿಮಾದ ಅತಿ ಕ್ರೂರ ಗಳಿಗೆ. ಗುಹೆಯಲ್ಲಿ ಯಾರು ನಿಜವಾದ ಮೃಗ ಅಂತ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಪಾರ್ಟ್ 2 ಅವಳ ನೆನಪನ್ನು ಒರೆಸಿ ಹಾಕಿ, ಇದನ್ನೆಲ್ಲ ಒಂದೇ ಏಟಿಗೆ ತೆಗೆದುಬಿಟ್ಟಿತು. ಅವಳನ್ನು ಗುಹೆಯೊಳಗೆ ಕಳಿಸಲು ಬೇರೆ ದಾರಿ ಹೊಳೆಯಲಿಲ್ಲ, ಅಷ್ಟೇ. ಆಮೇಲೆ ನೆನಪು ಬೇಕಾದಾಗ ಬರುತ್ತದೆ. ಜೂನೋ ಕೂಡ ಬದುಕಿಯೇ ಸಿಗುತ್ತಾಳೆ. ಇಬ್ಬರೂ ಒಂದಿಷ್ಟು ಗುದ್ದಾಡಿ ಮತ್ತೆ ಜೊತೆಯಾಗಿ ಓಡುತ್ತಾರೆ. ಹಾಗಾದರೆ ಮೊದಲನೆಯದರಲ್ಲಿ ನಾವು ಎದೆ ಹಿಡಿದುಕೊಂಡು ನೋಡಿದ್ದು ಯಾವುದನ್ನು?

ಜೀವಿಗಳೂ ಅವೇ, ಗುಹೆಯೂ ಅದೇ ತರಹ. ಆದರೆ ಎಲ್ಲ ಚೆನ್ನಾಗಿ ಕಾಣುತ್ತದೆ. ಅವುಗಳ ಹಲ್ಲು, ಚರ್ಮ, ಕಿವಿ. ಎದುರಿಗೆ ಬಂದು ನಿಂತಮೇಲೆ ಅವು ಬಣ್ಣ ಬಳಿದುಕೊಂಡ ಮನುಷ್ಯರು. ಮೊದಲ ಸಿನಿಮಾದಲ್ಲೂ ಅಷ್ಟೇ ಇದ್ದದ್ದು, ಆದರೆ ಕತ್ತಲೆ ಅದನ್ನು ಮುಚ್ಚಿಟ್ಟಿತ್ತು. ಒಂದು ಕಡೆ ರಕ್ಷಣಾ ತಂಡದವರಿಗೆ ಆ ಹೆಂಗಸರ ಕ್ಯಾಮೆರಾ ಸಿಗುತ್ತದೆ. ಅದರಲ್ಲಿ ಹಳೆಯ ಚಿತ್ರೀಕರಣ ನೋಡುತ್ತಾರೆ. ಹೊಸ ಸಿನಿಮಾ ನಡುವೆ ಹಳೇ ಸಿನಿಮಾ ನೋಡಿದ ಹಾಗಾಯ್ತು, ಅದೇ ಚೆನ್ನಾಗಿತ್ತು.

ಹುಡುಗ ಸೋಫಾದಿಂದ ಇಳಿದು ಅಮ್ಮನ ಪಕ್ಕ ಕೂತು ಕಾಳು ಹಿತುಕಲು ಶುರು ಮಾಡಿದ. ಬೇಳೆ ಪುಚಕ್ಕನೆ ಹಾರಿ ಟೀವಿ ಸ್ಟ್ಯಾಂಡಿನ ಕೆಳಗೆ ಹೋಗುತ್ತಿತ್ತು. ಶೆರಿಫ್ ಸಾರಾಳ ಕೈಗೂ ತನ್ನ ಕೈಗೂ ಬೇಡಿ ಹಾಕಿಕೊಂಡದ್ದಕ್ಕೆ, ಆಮೇಲೆ ಅವನ ಕೈಯನ್ನೇ ಕಡಿಯಬೇಕಾಗುವ ದೃಶ್ಯ ಬಂತು. ಅಮ್ಮ "ಆ ಬಟ್ಟಲು ಈ ಕಡೆ ತಳ್ಳು" ಅಂದಳು. ಸಿನಿಮಾ ಮುಗಿಯುವ ಮೊದಲೇ ಪಾತ್ರೆ ತುಂಬಿತ್ತು.

ಕೊನೆಯಂತೂ ಕೇಳಬೇಡಿ. ಸಾರಾ ತಾನೇ ಕಿರುಚಿ ಜೀವಿಗಳನ್ನು ಕರೆದುಕೊಂಡು, ರಿಯೋಸ್ ಎನ್ನುವ ಪೊಲೀಸ್ ಹೆಂಗಸನ್ನು ಉಳಿಸುತ್ತಾಳೆ. ಆ ಮಟ್ಟಿಗೆ ಸರಿ. ಹೊರಗೆ ಬಂದ ರಿಯೋಸ್‌ಳ ತಲೆಗೆ ಒಬ್ಬ ಮುದುಕ ಸಲಿಕೆಯಿಂದ ಬಾರಿಸಿ, ಮತ್ತೆ ಗುಹೆಯ ಬಾಯಿಗೆ ಎಳೆದು ಹಾಕುತ್ತಾನೆ. ಯಾಕೆ? ಹೇಳುವುದಿಲ್ಲ. ಮೂರನೇ ಭಾಗದಲ್ಲಿ ಹೇಳೋಣ ಅಂತಿತ್ತೋ ಏನೋ. ಹುಡುಗ ಬೇಳೆ ಕೈಯಲ್ಲೇ ಎರಡೂ ಕೈ ಮೇಲೆತ್ತಿ "ಏನ್ ಚಿಕ್ಕಮ್ಮ ಇದು!" ಅಂದ.

ನನಗೆ ವಿಚಿತ್ರ ಅನಿಸಿದ್ದು ಇನ್ನೊಂದು. ಪಾರ್ಟ್ 2 ನಿರ್ದೇಶಿಸಿದ ಜಾನ್ ಹ್ಯಾರಿಸ್ ಹೊರಗಿನವನಲ್ಲ. ಮೊದಲ ಸಿನಿಮಾದ ಸಂಕಲನ ಮಾಡಿದ್ದು ಅವನೇ. ಯಾವ ದೃಶ್ಯ ಎಲ್ಲಿಗೆ ಕತ್ತರಿಸಬೇಕು, ಆ ಜೀವಿಯನ್ನು ಎಷ್ಟು ಕ್ಷಣ ತೋರಿಸಬೇಕು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಛಾಯಾಗ್ರಾಹಕ ಸ್ಯಾಮ್ ಮೆಕರ್ಡಿ ಕೂಡ ಅದೇ ಮನುಷ್ಯ. ಹಾಗಾಗಿ ಗೊತ್ತಿಲ್ಲದವರು ಮಾಡಿ ಕೆಡಿಸಿದರು ಅನ್ನುವಂತಿಲ್ಲ. ಒಳಗೇನಿದೆ ಅಂತ ನಮಗೆ ಗೊತ್ತಾಗಿಹೋಗಿತ್ತು. ಗೊತ್ತಾದಮೇಲೆ ಎಷ್ಟು ಚೆನ್ನಾಗಿ ಬಚ್ಚಿಟ್ಟರೇನು?

ಈ ತರಹದ ಎರಡನೇ ಭಾಗಗಳಿಗೆ ಒಂದು ಚಾಳಿ ಇದೆ. ಬದುಕಿ ಬಂದವಳನ್ನು ಸಮವಸ್ತ್ರದವರ ಜೊತೆ ಅದೇ ಜಾಗಕ್ಕೆ ಕಳಿಸುವುದು. 1986ರ 'ಏಲಿಯನ್ಸ್'ನಲ್ಲಿ ಜೇಮ್ಸ್ ಕ್ಯಾಮರೂನ್ ಇದನ್ನು ಮಾಡಿ ಗೆದ್ದ. ಅಲ್ಲಿ ಹಾಗೆ ಬದುಕಿ ಬಂದ ನಾಯಕಿ ರಿಪ್ಲಿಗೆ ಎಲ್ಲ ನೆನಪಿದೆ, ಕೆಟ್ಟ ಕನಸು ಬೀಳುತ್ತದೆ, ಹೆದರಿಕೊಂಡೇ ಒಪ್ಪಿ ಹೋಗುತ್ತಾಳೆ. ಸಾರಾಳಿಂದ ಕಿತ್ತುಕೊಂಡದ್ದು ಅದನ್ನೇ. ಅಂದಹಾಗೆ ಇದೇ ಕ್ಯಾಮರೂನ್ ಅದಕ್ಕೂ ಮೊದಲು ನಿರ್ದೇಶಕನಾಗಿ ಹೆಸರು ಹಾಕಿಸಿಕೊಂಡದ್ದು 'ಪಿರಾನಾ 2'ಕ್ಕೆ. 1978ರ 'ಪಿರಾನಾ' ಚಿಕ್ಕ ದುಡ್ಡಿನ, ತುಂಟತನದ ಸಿನಿಮಾ. ಅದರ ಎರಡನೇ ಭಾಗದಲ್ಲಿ ಮೀನುಗಳಿಗೆ ರೆಕ್ಕೆ ಬಂದು ಹಾರುತ್ತವೆ. ನಿರ್ಮಾಪಕ ಅವನನ್ನು ನಡುವೆಯೇ ತೆಗೆದುಹಾಕಿದ್ದ, ಹಾಗಾಗಿ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದು ಬೇಡ.

2010ರ 'ಮಾನ್‌ಸ್ಟರ್ಸ್' ಕಥೆ ಇನ್ನೂ ಬೇಜಾರು. ಗ್ಯಾರೆತ್ ಎಡ್ವರ್ಡ್ಸ್ ಐದು ಲಕ್ಷ ಡಾಲರ್‌ಗೂ ಕಡಿಮೆ ಖರ್ಚಿನಲ್ಲಿ, ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಮೆಕ್ಸಿಕೊ, ಮಧ್ಯ ಅಮೆರಿಕ ಸುತ್ತಿ ಅದನ್ನು ತೆಗೆದ. ದೈತ್ಯ ಜೀವಿಗಳನ್ನು ಕಂಪ್ಯೂಟರಿನಲ್ಲಿ ತಾನೇ ಮಾಡಿದ. ಗಂಡು ಹೆಣ್ಣು ಇಬ್ಬರು ಗಡಿ ದಾಟುವ ಕಥೆ, ಜೀವಿಗಳು ದೂರದಲ್ಲಿ ಗುಡುಗಿನ ಹಾಗೆ ಇರುತ್ತವೆ. 2014ರ ಎರಡನೇ ಭಾಗ ಬೇರೆ ನಿರ್ದೇಶಕನದು. ಅದರಲ್ಲಿ ಮಧ್ಯಪ್ರಾಚ್ಯಕ್ಕೆ ಹೊರಟ ಅಮೆರಿಕನ್ ಸೈನಿಕರು, ಬಂದೂಕು, ಬೈಗುಳ. ಜೀವಿಗಳು ಹಿನ್ನೆಲೆಯ ಅಲಂಕಾರ. ಇಲ್ಲೂ ಸಮವಸ್ತ್ರವೇ!

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಹುಡುಗನ ಮುಂದೆ ಒದರಿದೆ. ಅವನು ಸಾರಿಗೆ ಅನ್ನ ಕಲಸುತ್ತಾ ಕೇಳಿಸಿಕೊಂಡ. ಆಮೇಲೆ ತನ್ನದೊಂದು ಯೋಚನೆ ಹೇಳಿದ. ಮೊದಲ ಸಿನಿಮಾದಲ್ಲಿ ಗುಹೆಯ ಚಾವಣಿಯಲ್ಲಿ ಹಳೇ ಕಬ್ಬಿಣದ ಮೊಳೆಯೊಂದು ಸಿಗುತ್ತದೆ. ನೂರು ವರ್ಷದ ಹಿಂದಿನ ಸಾಮಾನು. ಅಂದರೆ ಹಿಂದೆ ಯಾರೋ ಅಲ್ಲಿಗೆ ಇಳಿದಿದ್ದರು. "ಅವರ ಕಥೆ ಮಾಡಬೇಕಿತ್ತು. ಬ್ಯಾಟರಿ ದೀಪ ಇಲ್ಲ, ಬರೀ ಬೆಂಕಿ ಬೆಳಕು. ಒಳಗೇನಿದೆ ಅಂತ ಅವರಿಗೂ ಗೊತ್ತಿಲ್ಲ."

"ನಮಗೆ ಗೊತ್ತಿದೆಯಲ್ಲೋ" ಅಂದೆ.

"ಹಾಗಾದ್ರೆ ಕೊನೇವರೆಗೂ ಅವನ್ನ ತೋರಿಸಲೇಬಾರದು."

"ನಿರ್ಮಾಪಕ ಒಪ್ಪಲ್ಲ ಬಿಡು."

ಅಮ್ಮ ಇಬ್ಬರಿಗೂ ಇನ್ನೊಂದು ಸೌಟು ಸಾರು ಹಾಕಿ, ನಾಳೆಗೆ ರಾಜ್‌ಕುಮಾರ್ ಸಿನಿಮಾ ಹಾಕಬೇಕು ಅಂತ ಈಗಲೇ ಹೇಳಿಟ್ಟಳು.