ಕಾರಾ ಅಕ್ಕನೋ, ತಂಗಿಯೋ?

2025ರಲ್ಲಿ ತೆರೆಕಂಡ ಸೂಪರ್‌ಮ್ಯಾನ್ ಚಿತ್ರವನ್ನು ಹಾಸನದ ನಮ್ಮ ಮನೆಯ ಟೀವಿಯಲ್ಲಿ ನೋಡಿ ಮುಗಿಸಿದ ರಾತ್ರಿ, ಅಣ್ಣನ ಮಗಳು ಕೇಳಿದ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಚಿತ್ರದ ಕೊನೆಯಲ್ಲಿ ಸೂಪರ್‌ಗರ್ಲ್, ಅಂದರೆ ಕಾರಾ, ತೂರಾಡುತ್ತ ಬಂದು, ಅಷ್ಟು ಹೊತ್ತೂ ಸೂಪರ್‌ಮ್ಯಾನನನ್ನು ಗೋಳುಹೊಯ್ದುಕೊಂಡಿದ್ದ ಕ್ರಿಪ್ಟೋ ಎಂಬ ನಾಯಿಯನ್ನು ಕರೆದುಕೊಂಡು ಹೊರಟುಬಿಡುತ್ತಾಳೆ. ಇವಳು ಯಾರೆಂದು ಹುಡುಗಿ ಕೇಳಿದಾಗ ನಾನು ಯೋಚಿಸದೆ ‘ಕಸಿನ್’ ಎಂದೆ.

“ಕಸಿನ್ ಅಂದ್ರೆ ಏನ್ ಚಿಕ್ಕಪ್ಪ? ಅಕ್ಕನೋ, ತಂಗಿನೋ, ಇಲ್ಲಾ ಅತ್ತೆ ಮಗಳೋ? ಅಲ್ಲದೆ ಅವ್ನೊಬ್ನೇ ಉಳ್ಕೊಂಡಿದ್ದು ಅಂತ ನೀನೇ ಹೇಳಿದ್ಯಲ್ಲ!”

ಎರಡನೆಯ ಪ್ರಶ್ನೆ ನನಗೆ ಹೊಸದಲ್ಲ. ಹಳೆಯ ಪುಸ್ತಕದ ಅಂಗಡಿಯಿಂದ ಕಾಮಿಕ್ಸ್ ತಂದು ಓದಿದವರೆಲ್ಲರೂ ಅದನ್ನು ಎದುರಿಸಿರುತ್ತಾರೆ. ನನ್ನ ಬಾಲ್ಯದಲ್ಲಿ ಸಂಚಿಕೆಗಳು ಕ್ರಮವಾಗಿ ಸಿಗುತ್ತಿರಲಿಲ್ಲ. ರದ್ದಿಯ ಕಟ್ಟಿನಲ್ಲಿ ಯಾವುದು ಮೇಲಿರುತ್ತಿತ್ತೋ ಅದೇ ಮೊದಲ ಅಧ್ಯಾಯ. ನಾನು ಮೊದಲು ಓದಿದ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಸಿಡಿದುಹೋದ ತನ್ನ ಗ್ರಹದಿಂದ ಉಳಿದ ಏಕೈಕ ಜೀವಿ. ಮುಖಪುಟ ಹರಿದಿದ್ದ ಎರಡನೆಯದರಲ್ಲಿ ಅದೇ ಗ್ರಹದ ಒಂದು ಇಡೀ ನಗರ ಅವನ ಕಪಾಟಿನಲ್ಲಿ, ಬಾಟಲಿಯೊಳಗೆ, ಬದುಕಿತ್ತು. ಎರಡನೆಯದು ಮೊದಲನೆಯದಕ್ಕಿಂತ ಹಳೆಯದು ಎಂದು ತಿಳಿಯುವಷ್ಟರಲ್ಲಿ ನಾನು ಕಾಲೇಜು ಮೆಟ್ಟಿಲು ಹತ್ತಿದ್ದೆ.

ಆದರೆ ಮೊದಲ ಪ್ರಶ್ನೆ, ಅಕ್ಕನೋ ತಂಗಿಯೋ ಎಂಬುದು, ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ಓದುತ್ತಿದ್ದುದರಿಂದ ‘ಕಸಿನ್’ ಎಂಬ ಪದ ಎಲ್ಲವನ್ನೂ ಮುಚ್ಚಿಹಾಕಿತ್ತು. ಅದನ್ನು ಕನ್ನಡಕ್ಕೆ ತಂದ ಕೂಡಲೇ, ಆ ಕಥೆಯನ್ನು ಬರೆದವರು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉತ್ತರ ಕೊಟ್ಟಿರುವುದು ಕಾಣತೊಡಗಿತು.

ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನನನ್ನು ಪರಿಚಯಿಸಿದಾಗ ಅವನ ಗ್ರಹಕ್ಕೆ ಹೆಸರೇ ಇರಲಿಲ್ಲ. ಕ್ರಿಪ್ಟಾನ್ ಎಂಬ ಹೆಸರು ಬಂದದ್ದು ಮರುವರ್ಷ. ತಾನು ಅಲ್ಲಿಂದ ಬಂದವನು ಎಂಬುದು ಸ್ವತಃ ನಾಯಕನಿಗೆ ತಿಳಿದದ್ದು 1949ರ ಒಂದು ಸಂಚಿಕೆಯಲ್ಲಿ! ಹನ್ನೊಂದು ವರ್ಷ ಅವನು ತನ್ನ ಮೂಲದ ಗೊಡವೆಯೇ ಇಲ್ಲದೆ ಕಳ್ಳರನ್ನು ಹಿಡಿಯುತ್ತಿದ್ದ. ಒಮ್ಮೆ ಮೂಲ ತಿಳಿದದ್ದೇ ತಡ, ಬಂಧುಬಳಗ ಬರಲಾರಂಭಿಸಿತು. 1950ರಲ್ಲಿ ಮೂವರು ಅಪರಾಧಿಗಳು ಬಂದರು. 1955ರಲ್ಲಿ ನಾಯಿ ಬಂತು. ಮಗನನ್ನು ಕಳುಹಿಸುವ ಮುನ್ನ ತಂದೆ ಜೋರ್-ಎಲ್ ಪರೀಕ್ಷೆಗೆಂದು ಹಾರಿಸಿದ ರಾಕೆಟ್ಟಿನಲ್ಲಿದ್ದ ಆ ಕ್ರಿಪ್ಟೋ, ದಾರಿ ತಪ್ಪಿ ವರ್ಷಗಟ್ಟಲೆ ತಡವಾಗಿ ಭೂಮಿಗೆ ತಲುಪಿತ್ತು. 1959ರಲ್ಲಿ ಒಂದು ಮಂಗವೂ ಬಂತು. ಅದರ ವಿಚಾರ ಇಲ್ಲಿಗೇ ಬಿಡುತ್ತೇನೆ.

ಕಾರಾ ಬಂದದ್ದು ಅದೇ 1959ರ ಮೇ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ 252ನೇ ಸಂಚಿಕೆಯಲ್ಲಿ. ಬರೆದವರು ಆಟೋ ಬೈಂಡರ್, ಚಿತ್ರಿಸಿದವರು ಆಲ್ ಪ್ಲಾಸ್ಟಿನೋ. ಕ್ರಿಪ್ಟಾನ್ ಸಿಡಿದಾಗ ಆರ್ಗೋ ಎಂಬ ನಗರವೊಂದು ಗಾಳಿಯ ಗುಳ್ಳೆಯೊಂದಿಗೆ ಹಾಗೆಯೇ ಕಿತ್ತುಕೊಂಡು ಆಕಾಶದಲ್ಲಿ ತೇಲಿಹೋಯಿತು. ಆದರೆ ಅವರು ನಿಂತ ನೆಲವೇ ವಿಷವಾಗಿ, ಕ್ರಿಪ್ಟೋನೈಟ್ ಆಗಿ ಮಾರ್ಪಟ್ಟಿತು. ಅದರ ಕಿರಣ ತಾಕದಂತೆ ಊರಿನವರು ನೆಲಕ್ಕೆಲ್ಲ ಸೀಸದ ಹಾಳೆ ಹಾಸಿದರು. ಆ ಹಾಸಿನ ಮೇಲೆ ಹುಟ್ಟಿ ಬೆಳೆದವಳು ಕಾರಾ. ಕೊನೆಗೆ ಉಲ್ಕೆಗಳ ಮಳೆ ಸೀಸವನ್ನು ತೂತು ಮಾಡಿದಾಗ ಅವಳ ತಂದೆ, ಜೋರ್-ಎಲ್‌ನ ಸಹೋದರ ಝೋರ್-ಎಲ್, ಮಗಳನ್ನು ಭೂಮಿಗೆ ಕಳುಹಿಸುತ್ತಾನೆ. ಕಾಮಿಕ್ಸ್ ಲೋಕದ ಮಕ್ಕಳ ಕಥೆಗಳಲ್ಲಿ ಇಷ್ಟು ಗಟ್ಟಿಯಾದ ಕಲ್ಪನೆ ಕಡಿಮೆ.

ಹಾಗಾದರೆ ಲೆಕ್ಕ ಸರಳ. ಗ್ರಹ ಸಿಡಿದ ಮೇಲೆ ಹುಟ್ಟಿದವಳು, ಅಪ್ಪನ ಒಡಹುಟ್ಟಿದವನ ಮಗಳು. ನಮ್ಮಲ್ಲಿ ಅವಳಿಗೆ ತಂಗಿ ಎಂಬುದಲ್ಲದೆ ಬೇರೆ ಪದವೇ ಇಲ್ಲ. ಇಲ್ಲಿಂದ ಮುಂದೆ ಆ ಹಳೆಯ ಸಂಚಿಕೆಗಳನ್ನು ಓದುವುದು ಕಷ್ಟವಾಗುತ್ತದೆ. ತನ್ನ ವಂಶದ ಒಂದೇ ಕುಡಿ ಕಣ್ಣೆದುರು ಬಂದು ನಿಂತಾಗ ಈ ಅಣ್ಣ ಮಾಡಿದ್ದೇನು? ಲಿಂಡಾ ಲೀ ಎಂಬ ಸುಳ್ಳು ಹೆಸರಿಟ್ಟು ಮಿಡ್‌ವೇಲ್ ಎಂಬ ಊರಿನ ಅನಾಥಾಲಯಕ್ಕೆ ಸೇರಿಸಿದ. ಅವಳಿದ್ದಾಳೆಂದು ಜಗತ್ತಿಗೆ ಹೇಳಿದ್ದು 1962ರಲ್ಲಿ. ಅದೇ ವರ್ಷದ ಇನ್ನೊಂದು ಕಥೆಯಲ್ಲಿ ಅವಳು ಅವನಿಗೆ ಹೆಣ್ಣು ಹುಡುಕಲು ಹೊರಟಾಗ, ನಿನ್ನಂಥವಳೇ ಸಿಕ್ಕರೆ ಮದುವೆಯಾಗುತ್ತಿದ್ದೆ, ಆದರೆ ಕ್ರಿಪ್ಟಾನ್‌ನಲ್ಲಿ ಕಸಿನ್‌ಗಳ ಮದುವೆ ಕಾನೂನಿಗೆ ವಿರುದ್ಧ ಎನ್ನುವ ಅರ್ಥದ ಮಾತನ್ನು ಅವನು ಆಡುತ್ತಾನೆ. ಅಮೆರಿಕದ ಓದುಗನಿಗೆ ಅದು ಅಷ್ಟೇನೂ ಅನ್ನಿಸದಿರಬಹುದು. ಅತ್ತೆಯ ಮಗಳಿಗೂ ಚಿಕ್ಕಪ್ಪನ ಮಗಳಿಗೂ ಇರುವ ಅಂತರವನ್ನು ಹುಟ್ಟಿನಿಂದ ಬಲ್ಲ ನಮಗೆ, ಕಾನೂನಿನ ಪ್ರಸ್ತಾಪವೇ ಅಸಹ್ಯ. ಆ ಸಂಚಿಕೆಯನ್ನು ಹುಡುಗಿಯ ಕೈಗೆ ಕೊಟ್ಟಿಲ್ಲ.

ಈ ಬಳಗದ ಬೆಳವಣಿಗೆಯ ಹಿಂದೆ ಸಂಪಾದಕ ಮಾರ್ಟ್ ವೈಸಿಂಗರ್ ಇದ್ದರು. ಅವರ ಕಾಲದಲ್ಲಿ ಕ್ರಿಪ್ಟಾನ್‌ನಿಂದ ಉಳಿದವರ ಪಟ್ಟಿ ಉದ್ದವಾಗುತ್ತಲೇ ಹೋಯಿತು: 1958ರಲ್ಲಿ ಬಾಟಲಿಯ ನಗರ ಕ್ಯಾಂಡಾರ್, 1961ರಲ್ಲಿ ಕ್ರಿಪ್ಟಾನ್‌ನ ಅಪರಾಧಿಗಳ ಸೆರೆಯಾದ ಫ್ಯಾಂಟಮ್ ಝೋನ್ ಮತ್ತು ಅದರೊಳಗೆ ಜನರಲ್ ಝಾಡ್, 1964ರಲ್ಲಿ ಸತ್ತರೆಂದು ಎಲ್ಲರೂ ನಂಬಿದ್ದ ಕಾರಾಳ ತಂದೆತಾಯಿ. ಇವುಗಳಲ್ಲಿ ನನಗೆ ಕ್ಯಾಂಡಾರ್ ಮೇಲೆ ಹೆಚ್ಚು ಮಮತೆ. ಗ್ರಹ ಸಿಡಿಯುವ ಮೊದಲೇ ಬ್ರೇನಿಯಾಕ್ ಎಂಬ ಖಳ ಕದ್ದು ಕುಗ್ಗಿಸಿದ್ದ ಆ ನಗರವನ್ನು ಸೂಪರ್‌ಮ್ಯಾನ್ ಭೂತಗನ್ನಡಿ ಹಿಡಿದು ನೋಡಬಲ್ಲ, ತಾನೂ ಕುಗ್ಗಿ ಒಳಗೆ ಹೋಗಿಬರಬಲ್ಲ, ಆದರೆ ಹೊರತರಲಾರ. 1979ರಲ್ಲಿ ಕೊನೆಗೂ ಅದನ್ನು ಮೊದಲಿನ ಗಾತ್ರಕ್ಕೆ ತಂದಾಗ ಜನ ಉಳಿದರು, ಕಟ್ಟಡಗಳು ಪುಡಿಯಾದವು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಪೂರ್ಣಗೊಂಡದ್ದೂ ಅದೇ ವರ್ಷ. ನಮ್ಮ ಅಜ್ಜಿಯ ತವರು ಹಿನ್ನೀರಿಗೆ ಹೋಯಿತು. ಶೆಟ್ಟಿಹಳ್ಳಿಯಲ್ಲಾದರೆ 1860ರಲ್ಲಿ ಕಟ್ಟಿದ ಚರ್ಚಿನ ಗೋಡೆಗಳಾದರೂ ನೀರಿಳಿದಾಗ ಕಾಣುತ್ತವೆ. ಅಜ್ಜಿಯ ಊರಿನದು ಏನೂ ಕಾಣುವುದಿಲ್ಲ. ಆ ಊರಿನ ಕಡೆಯವರು ಮದುವೆಮನೆಯಲ್ಲಿ ಎದುರಾದರೆ ಮೊದಲು ವಿಚಾರಿಸುವುದು ಯೋಗಕ್ಷೇಮವನ್ನಲ್ಲ, ವರಸೆಯನ್ನು. ನೀವು ನಮಗೆ ಏನಾಗಬೇಕು ಎಂಬುದು ಇತ್ಯರ್ಥವಾದ ಮೇಲೆಯೇ ಎಲೆಯ ಮುಂದೆ ಕೂರುತ್ತಾರೆ.

ಪ್ರಕಾಶಕರಿಗೆ ಈ ದೊಡ್ಡ ಬಳಗ ಭಾರವೆನಿಸಿತು. 1985ರಿಂದ 86ರವರೆಗೆ ಹನ್ನೆರಡು ಸಂಚಿಕೆಗಳಲ್ಲಿ ಬಂದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ನ ಏಳನೆಯದರಲ್ಲಿ ಕಾರಾ ಸತ್ತಳು. 1986ರಲ್ಲಿ ಜಾನ್ ಬರ್ನ್ ಆರಂಭದಿಂದ ಮತ್ತೆ ಬರೆದ ಕಥೆಯಲ್ಲಿ ಅವಳು ಹುಟ್ಟಿಯೇ ಇರಲಿಲ್ಲ. ನಾಯಿಯೂ ಇಲ್ಲ, ಬಾಟಲಿಯೂ ಇಲ್ಲ. ಬರ್ನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅವರ ಕಥೆಯಲ್ಲಿ ರಾಕೆಟ್ಟಿನಲ್ಲಿ ಬಂದದ್ದು ಮಗುವಲ್ಲ, ಯಂತ್ರದೊಳಗಿನ ಭ್ರೂಣ. ಅಂದರೆ ಸೂಪರ್‌ಮ್ಯಾನ್ ಹುಟ್ಟಿದ್ದೇ ಭೂಮಿಯಲ್ಲಿ. ಕ್ರಿಪ್ಟಾನ್ ಅವನ ಹುಟ್ಟೂರೂ ಅಲ್ಲವಾಯಿತು. ಆದದ್ದನ್ನು ಆಗಲೇ ಇಲ್ಲವೆಂದು ತಿದ್ದುವ ಈ ಪದ್ಧತಿಯನ್ನು ಅಭಿಮಾನಿಗಳು ರೆಟ್‌ಕಾನ್ ಎನ್ನುತ್ತಾರೆ. ಕೊನೆಯವನೆಂಬ ಬಿರುದಿಗೆ ಅದರಿಂದ ತೂಕ ಬಂತೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕಳೆದುಕೊಂಡದ್ದರ ಬಗ್ಗೆ ಮಾತನಾಡಲು ಎದುರಿಗೊಬ್ಬರು ಇಲ್ಲದ ಮೇಲೆ ದುಃಖವನ್ನು ಕಥೆಯಲ್ಲಿ ತೋರಿಸುವುದಾದರೂ ಹೇಗೆ? ಬರಹಗಾರರಿಗೂ ಆ ಕಷ್ಟ ತಟ್ಟಿರಬೇಕು. 1988ರಲ್ಲಿಯೇ ಮತ್ತೊಬ್ಬ ಸೂಪರ್‌ಗರ್ಲ್ ಬಂದಳು. ಆದರೆ ಅವಳು ಬೇರೊಂದು ವಿಶ್ವದಲ್ಲಿ ಕೃತಕವಾಗಿ ತಯಾರಾದ, ರೂಪ ಬದಲಿಸುವ ಜೀವಿ. ವೇಷ ಅದೇ, ವರಸೆ ಮಾತ್ರ ಇಲ್ಲ.

ನಿಜವಾದ ಕಾರಾ ಮರಳಿದ್ದು 2004ರಲ್ಲಿ, ಜೆಫ್ ಲೋಬ್ ಬರೆದು ಮೈಕಲ್ ಟರ್ನರ್ ಚಿತ್ರಿಸಿದ ‘ಸೂಪರ್‌ಮ್ಯಾನ್/ಬ್ಯಾಟ್‌ಮ್ಯಾನ್’ ಎಂಟನೇ ಸಂಚಿಕೆಯಲ್ಲಿ. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕ್ರಿಪ್ಟಾನ್ ಸಿಡಿಯುವಾಗ ಅವಳು ಹದಿಹರೆಯದ ಹುಡುಗಿ, ಕಾಲ್-ಎಲ್, ಅಂದರೆ ಸೂಪರ್‌ಮ್ಯಾನ್, ತೊಟ್ಟಿಲ ಕೂಸು. ಅವನನ್ನು ನೋಡಿಕೊಳ್ಳಲೆಂದೇ ಅವಳನ್ನು ಕಳುಹಿಸಲಾಗಿತ್ತು. ಆದರೆ ಅವಳ ನೌಕೆ ಕ್ರಿಪ್ಟೋನೈಟ್ ಬಂಡೆಯೊಳಗೆ ಸಿಕ್ಕಿ, ಅವಳು ನಿದ್ದೆಯಲ್ಲಿಯೇ ವರ್ಷಗಳು ಕಳೆದು, ಕಣ್ಣು ಬಿಡುವಷ್ಟರಲ್ಲಿ ಎತ್ತಿ ಆಡಿಸಬೇಕಾಗಿದ್ದ ಕೂಸು ಅವಳಿಗಿಂತ ದೊಡ್ಡ ಗಂಡಸಾಗಿ ನಿಂತಿತ್ತು. ಹುಟ್ಟಿನಿಂದ ಅಕ್ಕ, ವಯಸ್ಸಿನಿಂದ ತಂಗಿ. ಹಳೆಯ ಸಂಚಿಕೆಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ, ಇದು ಅವಕ್ಕಿಂತ ಮೇಲು ಎಂದು ಒಪ್ಪಲೇಬೇಕು. 1959ರ ಕಾರಾ ಕ್ರಿಪ್ಟಾನನ್ನು ಕಂಡವಳಲ್ಲ, ಹಿರಿಯರಿಂದ ಕೇಳಿದವಳು. ಈ ಕಾರಾ ಅಲ್ಲಿಯ ಬೀದಿಗಳಲ್ಲಿ ಓಡಾಡಿದವಳು, ಆ ಭಾಷೆಯಲ್ಲಿ ಜಗಳವಾಡಿದವಳು. ಎದುರಿಗಿರುವ ದೊಡ್ಡ ಮನುಷ್ಯನಿಗೆ ಅವನ ಅಪ್ಪ ಅಮ್ಮ ಹೇಗಿದ್ದರೆಂದು ಹೇಳಬಲ್ಲವಳು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 2008ರಲ್ಲಿ ಕ್ಯಾಂಡಾರ್ ಮತ್ತೆ ಸಿಕ್ಕಿ, ಬಾಟಲಿಯಿಂದ ಹೊರಬಂದ ಒಂದು ಲಕ್ಷ ಜನರಿಗೆ ಸೂರ್ಯನ ಆಚೆ ಬದಿಯಲ್ಲಿ ಹೊಸ ಕ್ರಿಪ್ಟಾನ್ ಎಂಬ ಗ್ರಹವೇ ಆಯಿತು. 2010ರ ಯುದ್ಧದಲ್ಲಿ ಅದೂ ಸಿಡಿಯಿತು. ಒಂದೇ ಕುಲದ ಊರನ್ನು ಎರಡು ಸಲ ಸುಡುವುದಕ್ಕೆ ಕಾರಣವಿರಲಿಲ್ಲ, ಮಾಲಿಕೆ ಮುಗಿಸಬೇಕಿತ್ತು ಅಷ್ಟೇ.

ಕಳೆದ ಭಾನುವಾರ ಹುಡುಗಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಇವರೆಲ್ಲರ ವಂಶವೃಕ್ಷ ಬರೆದಳು. ಕಾರಾಳ ಹೆಸರಿನ ಕೆಳಗೆ ‘ಅಕ್ಕ’ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ‘ತಂಗಿ’ ಎಂದೂ ಬರೆದಿದ್ದಾಳೆ. ನಾಯಿಗೂ ಒಂದು ಚೌಕ ಸಿಕ್ಕಿದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಾಗ ನಾನೇ ಬಾಯಿ ತಪ್ಪಿ ಪವರ್ ಗರ್ಲ್ ಹೆಸರು ಹೇಳಿಬಿಟ್ಟೆ. 1976ರಲ್ಲಿ ಬಂದ ಅವಳು ಸಮಾಂತರ ವಿಶ್ವದ ಇನ್ನೊಂದು ಭೂಮಿಯ ಕಾರಾ. 1986ರ ನಂತರ ಕೆಲವು ಕಾಲ ಅವಳನ್ನು ಅಟ್ಲಾಂಟಿಸ್‌ನ ಮಾಂತ್ರಿಕನ ಮೊಮ್ಮಗಳೆಂದು ಮಾಡಿ, 2005–06ರ ಹೊತ್ತಿಗೆ ಮತ್ತೆ ಕ್ರಿಪ್ಟಾನ್ ಕುಲಕ್ಕೆ ಸೇರಿಸಿಕೊಂಡರು. ಹಾಗಾದರೆ ಅವಳು ಈ ಕಾರಾಗೆ ಏನಾಗಬೇಕು ಎಂದು ಹುಡುಗಿ ಕೇಳಿದಳು. ನಾನು ಉತ್ತರಿಸುವ ಮೊದಲೇ ಅಂಟು ಹುಡುಕಿ ತಂದು, ಇನ್ನೊಂದು ತಿಂಗಳ ಹಾಳೆಯನ್ನು ಪಕ್ಕಕ್ಕೆ ಜೋಡಿಸುತ್ತಿದ್ದಳು.