ಬಳ್ಳಾರಿ ಬಿಸಿಲಿಗೆ ಜಾರಿದ ಅಂಟು

ಮೇ ತಿಂಗಳು, ಕೌಲ್‌ಬಜಾರಿನ ಒಂದು ಹಳೆಯ ಮನೆ. ಪಡುವಣ ಗೋಡೆಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದ ನೀಲಿ ಹೂಬಳ್ಳಿಯ ಪಿಂಗಾಣಿ ತಟ್ಟೆಯ ಜೋಡಣೆ ಜಾರಿತ್ತು. ಮೂರು ತುಂಡುಗಳಲ್ಲಿ ಮೇಲಿನದು ತುಸು ಕೆಳಗಿಳಿದಿತ್ತು. ಅಂಚಿನ ಮೇಲೆ ಬೆರಳಾಡಿಸಿದರೆ ಉಗುರಿಗೆ ತಡೆಯುತ್ತಿತ್ತು.

ತಟ್ಟೆಯನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ, ಪ್ಯಾರಾಲಾಯ್ಡ್ ಬಿ-72 ಅಂಟಿನಿಂದ. ಮ್ಯೂಸಿಯಂಗಳವರು ನೆಚ್ಚಿಕೊಂಡ ಅಂಟು ಅದು. ಬೇಗ ಹಳದಿಯಾಗುವುದಿಲ್ಲ, ಅಂಟು ಕರಗಿಸುವ ಅಸಿಟೋನ್ ದ್ರವ ತಾಗಿಸಿದರೆ ಯಾವಾಗ ಬೇಕಾದರೂ ಬಿಡುತ್ತದೆ. ಆದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಇಳಿಬಿಸಿಲು ಬಡಿಯುವ ಗೋಡೆಯ ಮುಚ್ಚಿದ ಕಪಾಟಿನ ಕಾವು ಕೇಳುವುದೇ ಬೇಡ. ಬೆಂಗಳೂರಿಗೆ ಸರಿಹೋದ ಅಂಟು ಇಲ್ಲಿಗೆ ಸಾಲದು. ಈ ಕಡೆ ಬೇಕಾದದ್ದು ಅದೇ ಜಾತಿಯ ಬಿ-44: ಅದು ಮೆತ್ತಗಾಗುವುದು 60ರ ಹತ್ತಿರ.

ಮೊದಲು ಬಿಚ್ಚಬೇಕು. ಒಲೆ ಆರಿಸಿ, ಕಿಟಕಿ ತೆರೆದು ಕೂರಬೇಕು. ಅಸಿಟೋನ್ ಆವಿಗೆ ಕಿಡಿ ಸೋಕಿದರೆ ಸಾಕು, ಬೆಂಕಿ ಹತ್ತುತ್ತದೆ. ಅದರಲ್ಲಿ ಅದ್ದಿದ ಹತ್ತಿಯನ್ನು ಜೋಡಣೆಯ ಎರಡೂ ಬದಿಗೆ ಹಚ್ಚಿ, ಆರದಂತೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಕಾಯುವುದು. ತುಂಡುಗಳು ತಾವಾಗಿಯೇ ಸಡಿಲಾಗುತ್ತವೆ. ಎಳೆದರೆ ಅಂಚು ಚಕ್ಕೆ ಏಳುತ್ತದೆ. ನೀಲಿ ಚಿತ್ತಾರ ಗಾಜಿನ ಲೇಪದ ಅಡಿಯಲ್ಲಿರುವುದರಿಂದ ಅದಕ್ಕೆ ಭಯವಿಲ್ಲ. ಅಂಚಿನ ಚಿನ್ನದ ಗೆರೆ ಲೇಪದ ಮೇಲಿರುತ್ತದೆ, ಅದನ್ನು ಉಜ್ಜಬಾರದು, ಅದಕ್ಕೆ ಟೇಪನ್ನೂ ಅಂಟಿಸಬಾರದು.

ಒಡಕಿನ ಬಾಯಲ್ಲಿ ಕಂದು ಗೆರೆ ಇತ್ತು. ಎಷ್ಟೋ ವರ್ಷದ ಚಹಾ, ಎಣ್ಣೆ ಜೇಡಿಯೊಳಗೆ ಇಂಗಿದ್ದು. ತುಂಡನ್ನು ಮೊದಲು ಶುದ್ಧ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಕರಗಿದ ಕಲೆ ಇನ್ನೂ ಒಳಕ್ಕೆ ಹೋಗುತ್ತದೆ. ಆಮೇಲೆ ಔಷಧದಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಹತ್ತಿ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ. ಅದರ ಉಪ್ಪು ಜೇಡಿಯೊಳಗೆ ಉಳಿದು, ಹರಳುಗಟ್ಟಿ, ಲೇಪವನ್ನೇ ಒಳಗಿನಿಂದ ಎಬ್ಬಿಸುತ್ತದೆ.

ಉಪ್ಪಿನ ಈ ಕಾಟ ನೋಡಬೇಕಾದರೆ ಅದೇ ಕಪಾಟಿನ ಕೆಳಗಿದ್ದ ಉಪ್ಪಿನಕಾಯಿ ಜಾಡಿ ಸಾಕು. ತಳದ ಸುತ್ತ ಬಿಳಿ ಪುಡಿ, ಅಲ್ಲಲ್ಲಿ ಕೂದಲೆಳೆ ಬಿರುಕು. ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಲೇಪ ಏಳುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಜಾಡಿಯನ್ನು ಆರ್‌ಓ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಬೇಕು. ಬೋರ್ ನೀರು ಆಗದು, ಅದರಲ್ಲೇ ಉಪ್ಪಿದೆ. ಹೊಸ ನೀರು ಹಾಕುವಾಗ, ಮರುದಿನ ಅದನ್ನು ಚೆಲ್ಲುವ ಮುನ್ನ, ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಹಾಕಿದ ನೀರಿನ ಅಂಕಿಯೇ ಮರುದಿನವೂ ಬಂದರೆ ಉಪ್ಪು ಇಳಿದಂತೆ. ಇದಕ್ಕೆ ವಾರಗಳೇ ಹಿಡಿಯುತ್ತವೆ. ನೆರಳಲ್ಲಿ ಪೂರ್ತಿ ಒಣಗುವವರೆಗೆ ಗೆದ್ದೆವು ಅನ್ನಬಾರದು, ಪುಡಿ ಕಾಣುವುದೇ ಒಣಗಿದ ಮೇಲೆ.

ತಟ್ಟೆಯ ತುಂಡುಗಳು ಒಣಗಿದ ಮೇಲೆ ಅಂಟಿಲ್ಲದೆ ಒಮ್ಮೆ ಕೂರಿಸಿ, ಯಾವುದು ಮೊದಲು ಎಂದು ಪೆನ್ಸಿಲಿನಿಂದ ಗುರುತು ಹಾಕಬೇಕು. ಹಳೆ ಅಂಟಿನ ಪೊರೆ ಎಲ್ಲೋ ಉಳಿದಿದ್ದರೆ ಕೊನೆಯ ತುಂಡು ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಬಿ-44 ಹರಳನ್ನು ಅಸಿಟೋನಿನಲ್ಲಿ ಜೇನಿನ ಹದಕ್ಕೆ ಕರಗಿಸಿ ಒಂದೇ ಅಂಚಿಗೆ ತೆಳ್ಳಗೆ ಎಳೆಯಬೇಕು. ಈ ಕೆಲಸ ಬೆಳಗಿನ ಜಾವದ್ದು. ಬಿಸಿಲೇರಿದ ಮೇಲೆ ಅಸಿಟೋನ್ ಭರ್ರನೆ ಆರಿ, ಜೋಡಣೆಯೊಳಗೆ ಗುಳ್ಳೆ ಕಟ್ಟುತ್ತದೆ. ಅಂಟಿಸಿದ ತಟ್ಟೆಯನ್ನು ಜೋಳ ತುಂಬಿದ ಡಬರಿಯಲ್ಲಿ ಹುಗಿದು ನಿಲ್ಲಿಸಿದರೆ ಮೇಲಿನ ತುಂಡಿನ ಭಾರವೇ ಜೋಡಣೆಯನ್ನು ಒತ್ತಿ ಹಿಡಿಯುತ್ತದೆ. ಅರಾಲ್ಡೈಟ್ ಗಟ್ಟಿ ನಿಜ, ಆದರೆ ಹಳದಿಯಾಗುತ್ತದೆ, ಬಿಚ್ಚುವುದು ಕಷ್ಟ. ಫೆವಿಕ್ವಿಕ್ ಸರಿಪಡಿಸಿಕೊಳ್ಳಲು ಒಂದು ಗಳಿಗೆಯೂ ಬಿಡುವುದಿಲ್ಲ.

ಅಂಟಿಸಿದ ತಟ್ಟೆ, ಬಿರುಕಿನ ಜಾಡಿ ನೋಡಲಿಕ್ಕೆ ಮಾತ್ರ. ಹಳೆಯ ಲೇಪದಲ್ಲಿ ಸೀಸ ಇರಬಹುದು. ಹುಣಸೆ, ನಿಂಬೆಯ ಹುಳಿ ಅದನ್ನು ಕರಗಿಸುತ್ತದೆ.

ಕಪಾಟನ್ನು ಒಳಗೋಡೆಗೆ ಸರಿಸಿ, ತಟ್ಟೆಯನ್ನು ತಳದಿಂದ ಹೊರುವ ಮರದ ಸ್ಟ್ಯಾಂಡಿನಲ್ಲಿ ಇಟ್ಟದ್ದಾಯಿತು. ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ತಂತಿ ಅಂಚನ್ನು ಸದಾ ಬಿಗಿಯುತ್ತಿರುತ್ತದೆ, ಒಡಕಿಗೆ ಅದು ಒಳ್ಳೆಯದಲ್ಲ. ಕಪ್ಪುಗಳನ್ನು ಕಿವಿ ಹಿಡಿದು ನೇತುಹಾಕಬಾರದು. ಬಸಿಗಳ ನಡುವೆ ಮೆತ್ತನೆ ಬಟ್ಟೆ ಇರಲಿ. ಸಂಗನಕಲ್ಲು, ಹಿರೇಬೆಣಕಲ್‌ನಂಥ ಇತಿಹಾಸಪೂರ್ವ ನೆಲೆಗಳ ಕಡೆ ಬಿದ್ದ ಮಡಕೆ ಚೂರು ಮಾತ್ರ ಈ ಕಪಾಟಿಗೆ ಬರಕೂಡದು. ಬಿದ್ದ ಜಾಗದಿಂದ ಎತ್ತಿದರೆ ಅದು ಹೇಳುವ ಚರಿತ್ರೆಯೇ ಹೋಗುತ್ತದೆ. ತಟ್ಟೆಯ ಹಿಂದೆ ಒಂದು ಚೀಟಿ ಇಟ್ಟಿದೆ: ಅಂಟು ಬಿ-44, ಬಿಚ್ಚಲು ಅಸಿಟೋನ್.